ಎತ್ತರದ ವಿದ್ಯುತ್ ಕೆಲಸಕ್ಕೆ ನಿಚ್ಚಣಿಕೆಯೋ ಲಿಫ್ಟೋ: ಆಯ್ಕೆಯಿಂದ ಕೆಳಗಿಳಿಯುವವರೆಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳಲ್ಲಿ ವೈರಿಂಗ್ ಕೆಲಸ ಮಾಡುವವರ ಗಾಡಿಯ ಮೇಲೆ ಒಂದು ನಿಚ್ಚಣಿಕೆ ಸದಾ ಕಟ್ಟಿಯೇ ಇರುತ್ತದೆ. ಹಾಗಾಗಿ ಕೆಲಸದ ಜಾಗವನ್ನು ನೋಡುವ ಮೊದಲೇ ಸಾಧನ ಯಾವುದೆಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ಎಪಿಎಂಸಿಯ ಗೋದಾಮಿನಲ್ಲಿ ಇಪ್ಪತ್ತೆರಡು ಅಡಿ ಎತ್ತರಕ್ಕೆ ದೀಪ ಕೂಡಿಸುವುದಾಗಲಿ, ಕಲ್ಯಾಣ ಮಂಟಪದ ಚಾವಣಿಗೆ ಕೇಬಲ್ ಟ್ರೇ ಎಳೆಯುವುದಾಗಲಿ, ಮನೆಯ ಪಡಸಾಲೆಯಲ್ಲಿ ಫ್ಯಾನ್ ಬದಲಿಸುವುದಾಗಲಿ, ಎಲ್ಲಕ್ಕೂ ಅದೇ ನಿಚ್ಚಣಿಕೆ ಹೊರಬರುತ್ತದೆ. ಈ ವೃತ್ತಿಯಲ್ಲಿ ಮೇಲ್ವಿಚಾರಕನಾಗಿರುವ ನಾನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳುವುದು ಒಂದೇ ಮಾತು: ನಿಚ್ಚಣಿಕೆ ಇರುವುದು ಹತ್ತುವುದಕ್ಕೆ, ಅದರ ಮೇಲೆ ನಿಂತು ದಿನವಿಡೀ ದುಡಿಯುವುದಕ್ಕಲ್ಲ. ಆದರೆ ಲಿಫ್ಟ್ ತಂದ ಮಾತ್ರಕ್ಕೆ ಅಪಾಯ ತಾನಾಗಿ ದೂರವಾಗುತ್ತದೆ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಎರಡನ್ನೂ ಯಾವಾಗ, ಹೇಗೆ ಬಳಸಬೇಕೆಂಬುದನ್ನು ಕೆಲಸ ನಡೆಯುವ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ. ಇಲ್ಲಿ ಲಿಫ್ಟ್ ಎಂದರೆ ಕಟ್ಟಡದೊಳಗೆ ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಅಲ್ಲ. ಕತ್ತರಿಯಂತೆ ಮಡಚಿಕೊಂಡಿದ್ದು ನೇರ ಮೇಲೇಳುವ ಸಿಜರ್ ಲಿಫ್ಟ್ ಮತ್ತು ಉದ್ದನೆಯ ತೋಳು ಚಾಚಿ ಅಡೆತಡೆಗಳ ಆಚೆಗೂ ತಲುಪುವ ಬೂಮ್ ಲಿಫ್ಟ್.

ಮೊದಲು ಕೆಲಸವನ್ನು ಅಳೆಯಿರಿ

ಟೇಪ್ ಹಿಡಿದು ಎತ್ತರ ಅಳೆಯುವುದು ಎಲ್ಲರೂ ಮಾಡುವ ಕೆಲಸ. ಆದರೆ ಎತ್ತರವೊಂದೇ ನಿರ್ಣಾಯಕವಲ್ಲ. ಒಂದು ಬಿಂದುವಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎರಡೂ ಕೈಗಳು ಕೆಲಸಕ್ಕೆ ಬೇಕೇ, ಮೇಲಕ್ಕೆ ಒಯ್ಯುವ ವಸ್ತುವಿನ ತೂಕವೆಷ್ಟು, ಇಂಥ ಬಿಂದುಗಳು ಒಟ್ಟು ಎಷ್ಟಿವೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ಆಯ್ಕೆ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಕೈಗಾರಿಕಾ ಸುರಕ್ಷತಾ ಇಲಾಖೆಯ ಮಾರ್ಗಸೂಚಿಯಲ್ಲಿ ಒಂದು ಸರಳ ಅಳತೆಗೋಲಿದೆ: ನಿಚ್ಚಣಿಕೆಯ ಮೇಲೆ ಒಂದೇ ಭಂಗಿಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಕೆಲಸ ಮಾಡಬಾರದು ಮತ್ತು 10 ಕಿಲೋ ಮೀರಿದ ಸಾಮಾನನ್ನು ಹೊತ್ತು ಹತ್ತಬಾರದು. ನಮ್ಮ ಕೆಲಸಗಳಿಗೂ ಇದು ಚೆನ್ನಾಗಿ ಹೊಂದುತ್ತದೆ. ಎಲ್‌ಇಡಿ ದೀಪವೊಂದರ ತೂಕ ಮೂರ್ನಾಲ್ಕು ಕಿಲೋ ಇರಬಹುದು, ಆದರೆ ಅದರ ಜಾಗದಿಂದ ಇಳಿಸಬೇಕಾದ ಹಳೆಯ ಮೆಟಲ್ ಹಾಲೈಡ್ ದೀಪ ಚೋಕ್ ಸಹಿತ 8ರಿಂದ 10 ಕಿಲೋ ತೂಗುವುದುಂಟು. ಏರಿಸುವ ಹೊಸ ಸಾಮಾನನ್ನು ತೂಗಿ ನೋಡುವವರು ಇಳಿಸುವ ಹಳೆಯದನ್ನು ಮರೆಯುತ್ತಾರೆ.

ಡ್ರಿಲ್ ಕೆಲಸವಿದ್ದರೆ ಇನ್ನಷ್ಟು ಯೋಚಿಸಬೇಕು. ಹ್ಯಾಮರ್ ಡ್ರಿಲ್ಲನ್ನು ಆರ್‌ಸಿಸಿ ಚಾವಣಿಗೆ ಒತ್ತಿದಷ್ಟೂ ಅದು ನಮ್ಮನ್ನು ಕೆಳಕ್ಕೆ ಒತ್ತುತ್ತದೆ. ಗೋಡೆಗೆ ಅಥವಾ ತೊಲೆಯ ಬದಿಗೆ ಒತ್ತಿದರೆ ನಮ್ಮನ್ನು ಹಿಂದಕ್ಕೆ ದೂಡುತ್ತದೆ. ಒಳಗಿನ ಸರಳಿಗೆ ಬಿಟ್ ಸಿಕ್ಕಿಕೊಂಡರೆ ಇಡೀ ಯಂತ್ರವೇ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಎ ಆಕಾರದ ನಿಚ್ಚಣಿಕೆ ತನ್ನ ಉದ್ದಕ್ಕೆ, ಅಂದರೆ ಕಾಲುಗಳನ್ನು ಅಗಲಿಸಿದ ದಿಕ್ಕಿಗೆ, ಗಟ್ಟಿಯಾಗಿ ನಿಲ್ಲುತ್ತದೆ, ಅಡ್ಡಕ್ಕೆ ನಿಲ್ಲುವುದಿಲ್ಲ. ಆದುದರಿಂದ ಗೋಡೆಗೆ ಎದುರಾಗಿ ಮೆಟ್ಟಿಲುಗಳು ಬರುವಂತೆ ಅದನ್ನು ಇಡಬೇಕೇ ಹೊರತು, ಗೋಡೆಗೆ ಸಮಾನಾಂತರವಾಗಿ ಇಟ್ಟು ಪಕ್ಕಕ್ಕೆ ಹೊರಳಿ ಡ್ರಿಲ್ ಒತ್ತಬಾರದು. ಹಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಹೊರವಲಯದ ಒಂದು ಗೋದಾಮಿನಲ್ಲಿ ನಾನೇ ಈ ತಪ್ಪು ಮಾಡಿದೆ. ಬಿಟ್ ಸಿಕ್ಕಿಕೊಂಡಿತು, ನಿಚ್ಚಣಿಕೆ ಅಡ್ಡಕ್ಕೆ ಮಗುಚಿತು, ಏಳು ಅಡಿಯಿಂದ ಬಿದ್ದ ನನ್ನ ಎಡಗೈ ಮಣಿಕಟ್ಟು ಮುರಿಯಿತು. ಎರಡು ಮೀಟರಿನಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿರುತ್ತದೆ ಮತ್ತು ಬೀಳುವುದಕ್ಕೆ ಮುಕ್ಕಾಲು ಸೆಕೆಂಡೂ ಹಿಡಿಯುವುದಿಲ್ಲ. ಏನನ್ನಾದರೂ ಹಿಡಿದುಕೊಳ್ಳುತ್ತೇನೆ ಎಂಬ ಭರವಸೆಗೆ ಅಲ್ಲಿ ಸಮಯವೇ ಇಲ್ಲ.

ನಿಚ್ಚಣಿಕೆ ಸಾಕಾಗುವ ಕೆಲಸಗಳು

ಹತ್ತು ಅಡಿ ಚಾವಣಿಯ ಮನೆಯಲ್ಲಿ ಫ್ಯಾನ್ ಅಥವಾ ಟ್ಯೂಬ್‌ಲೈಟ್ ಬದಲಿಸಲು, ಜಂಕ್ಷನ್ ಬಾಕ್ಸ್ ತೆರೆದು ನೋಡಲು, ಒಂದೆರಡು ಕ್ಲಿಪ್ ಹೊಡೆಯಲು ಆರು ಅಡಿಯ ಎ ನಿಚ್ಚಣಿಕೆ ಸಾಕು. ಅದು ಫೈಬರ್‌ಗ್ಲಾಸಿನದಾಗಿರಲಿ. ಅಲ್ಯೂಮಿನಿಯಂ ಹಗುರ, ಅಗ್ಗ, ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ. ಆದರೆ ಅದು ವಿದ್ಯುತ್ತಿಗೆ ತಂತಿಯಷ್ಟೇ ಒಳ್ಳೆಯ ದಾರಿ. ಬಿದಿರಿನದಾದರೂ ಮಳೆಯಲ್ಲಿ ನೆನೆದ ಮೇಲೆ ನಂಬಬಾರದು. ಫೈಬರ್‌ಗ್ಲಾಸ್ ನಿಚ್ಚಣಿಕೆಯೂ ಮಣ್ಣು, ಎಣ್ಣೆ, ಸಿಮೆಂಟು ಮೆತ್ತಿಕೊಂಡು ಒದ್ದೆಯಾದರೆ ತನ್ನ ಗುಣ ಕಳೆದುಕೊಳ್ಳುತ್ತದೆ, ಆದುದರಿಂದ ಅದನ್ನು ಒರೆಸಿ ಇಡುವುದು ಕೆಲಸದ ಭಾಗವೇ.

ಹತ್ತುವ ಮೊದಲು ಕಾಲಿನ ರಬ್ಬರುಗಳು, ಮೆಟ್ಟಿಲಿನ ರಿವೆಟ್ಟುಗಳು, ಎರಡು ಬದಿಗಳನ್ನು ಹಿಡಿದಿಡುವ ಕೊಂಡಿ ಇವುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಎ ನಿಚ್ಚಣಿಕೆಯನ್ನು ಪೂರ್ತಿ ಅಗಲಿಸಿ, ಕೊಂಡಿ ಕೂತ ಮೇಲೆಯೇ ಬಳಸಬೇಕು. ಮಡಚಿ ಗೋಡೆಗೆ ಒರಗಿಸಿ ಹತ್ತಬಾರದು. ಮೇಲಿನ ಎರಡು ಮೆಟ್ಟಿಲುಗಳು ನಿಲ್ಲುವುದಕ್ಕಿಲ್ಲ. ಒರಗಿಸುವ ನಿಚ್ಚಣಿಕೆಯಾದರೆ ನಾಲ್ಕಕ್ಕೆ ಒಂದು ಎಂಬ ಲೆಕ್ಕ ನೆನಪಿಡಿ: ಮೇಲಿನ ಆಧಾರ 4 ಮೀಟರ್ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ 1 ಮೀಟರ್ ದೂರವಿರಬೇಕು. ಆಗ ಅದು ನೆಲದೊಂದಿಗೆ ಸುಮಾರು 75 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ಮಾಳಿಗೆಯ ಮೇಲೆ ಹೋಗುವುದಿದ್ದರೆ ನಿಚ್ಚಣಿಕೆಯ ತುದಿ ಮಾಳಿಗೆಯ ಅಂಚಿಗಿಂತ 1 ಮೀಟರ್ ಮೇಲಿರಬೇಕು, ಇಲ್ಲದಿದ್ದರೆ ದಾಟುವ ಕ್ಷಣದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಧಾರವಾಡದ ಹಳೆಯ ವಾಡೆಗಳಲ್ಲಿ ಮರದ ತೊಲೆಗೆ ಒರಗಿಸುವಾಗ ತೊಲೆಗೆ ಗೆದ್ದಲು ಹಿಡಿದಿಲ್ಲವೆಂದು ತಟ್ಟಿ ನೋಡಿ. ಸಿಮೆಂಟ್ ಶೀಟಿನ ಮಾಡಿಗೆ ಒರಗಿಸಲೂಬಾರದು, ಅದರ ಮೇಲೆ ಕಾಲಿಡಲೂಬಾರದು. ಕಾಲಿಟ್ಟ ಜಾಗದಲ್ಲಿಯೇ ಅದು ಒಡೆದು ಮನುಷ್ಯನನ್ನು ನೇರವಾಗಿ ಕೆಳಗಿನ ನೆಲಕ್ಕೆ ಬಿಡುತ್ತದೆ.

ಹತ್ತುವಾಗ ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು ಸದಾ ನಿಚ್ಚಣಿಕೆಗೆ ಅಂಟಿರಬೇಕು. ಸಾಮಾನನ್ನು ಹಗ್ಗಕ್ಕೆ ಕಟ್ಟಿ ಮೇಲೆಳೆದುಕೊಳ್ಳಿ. ನಡುವಿನ ಬೆಲ್ಟಿನ ಬಕ್ಕಲು ನಿಚ್ಚಣಿಕೆಯ ಎರಡು ಕಂಬಗಳ ಆಚೆಗೆ ಹೋಗುವಷ್ಟು ವಾಲಬೇಕಾಗಿ ಬಂದರೆ ಇಳಿದು ಅದನ್ನು ಸರಿಸಿರಿ. ಬುಡದಲ್ಲಿ ಒಬ್ಬರು ನಿಲ್ಲಲೇಬೇಕು, ಮತ್ತು ಅವರ ಗಮನ ಮೊಬೈಲಿನಲ್ಲಿರಬಾರದು. ಬಾಗಿಲ ಎದುರು ನಿಚ್ಚಣಿಕೆ ಇಟ್ಟಿದ್ದರೆ ಆ ಬಾಗಿಲಿಗೆ ಬೀಗ ಹಾಕಿ.

“ಸಾಹೇಬ್ರ, ಐದ ಮಿನಿಟಿನ ಕೆಲಸ ಐತ್ರಿ, ನಿಚ್ಚಣಿಕೀನ ಸಾಕ್ರಿ” ಎಂದು ಹುಡುಗರು ಹೇಳುವುದು ಸುಳ್ಳಲ್ಲ. ಒಂದು ದೀಪಕ್ಕೆ ಐದೇ ನಿಮಿಷ ಸಾಕು. ಆದರೆ ಗೋದಾಮಿನಲ್ಲಿ ನಲವತ್ತು ದೀಪಗಳಿದ್ದರೆ ನಲವತ್ತು ಸಲ ಹತ್ತಿ, ನಲವತ್ತು ಸಲ ಇಳಿದು, ನಲವತ್ತು ಸಲ ಸರಿಸಬೇಕು. ಒಂದು ಸಲಕ್ಕೆ ಹತ್ತು ನಿಮಿಷ ಇದಕ್ಕೇ ಹೋದರೆ ಒಟ್ಟು 400 ನಿಮಿಷ, ಅಂದರೆ ಒಂದು ಪೂರ್ತಿ ದಿನದ ದುಡಿಮೆ. ಲಿಫ್ಟಿನ ಬಾಡಿಗೆ ದುಬಾರಿ ಎನ್ನುವ ಮಾಲೀಕರ ಮುಂದೆ ನಾನು ಈ ಲೆಕ್ಕವನ್ನೇ ಇಡುತ್ತೇನೆ. ಮೂವತ್ತೈದನೆಯ ದೀಪಕ್ಕೆ ಹತ್ತುವಾಗ ಆ ಹುಡುಗನ ಕಾಲುಗಳಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ ಎಂಬುದನ್ನು ಯಾವ ಬಾಡಿಗೆ ಚೀಟಿಯೂ ತೋರಿಸುವುದಿಲ್ಲ.

ಲಿಫ್ಟ್ ಒಳಗೆ ಹೋಗದ ಮತ್ತು ನಿಚ್ಚಣಿಕೆ ಸಲ್ಲದ ಜಾಗಗಳಲ್ಲಿ ಗಾಲಿಯ ಮೇಲೆ ನಿಲ್ಲುವ ಕಬ್ಬಿಣದ ಅಟ್ಟಣಿಗೆ ಮಧ್ಯದ ದಾರಿ. ಅದರ ಎತ್ತರ ಬುಡದ ಕಿರಿಯ ಅಗಲದ ಮೂರು ಪಟ್ಟು ಮೀರದಿರಲಿ, ಗಾಲಿಗಳಿಗೆ ಬ್ರೇಕ್ ಹಾಕಿರಲಿ, ಮೇಲೆ ಜನರಿರುವಾಗ ಅದನ್ನು ದೂಡುವುದು ಬೇಡ.

ಯಾವುದನ್ನೇ ಹತ್ತಿದರೂ ಮೊದಲು ಕರೆಂಟು ತೆಗೆಯಿರಿ

ನೆಲದ ಮೇಲೆ ನಿಂತಾಗ ಬರೀ ಜುಮ್ಮೆನಿಸಿ ಬಿಡುವ ಸಣ್ಣ ಶಾಕ್ ಕೂಡ ಎತ್ತರದಲ್ಲಿ ಕೈ ಬಿಡಿಸಿ ಕೆಡವಬಲ್ಲದು. ಶಾಕ್‌ಗಿಂತ ಬೀಳುವುದರಿಂದಲೇ ಪೆಟ್ಟಾಗುತ್ತದೆ. ಇನ್ನು 10 ಮಿಲಿಆಂಪಿಯರ್ ಆಸುಪಾಸಿನ ಪ್ರವಾಹ ಹರಿದರೆ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲು ಆಗದಂತಾಗುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸೋರುವ ಪ್ರವಾಹ ಆ ಮಟ್ಟಕ್ಕೆ ಬಂದಾಗ ಕರೆಂಟು ಕಡಿಯುವ ಸ್ವಿಚ್) ಇದೆ ಎಂಬ ಧೈರ್ಯದಲ್ಲಿ ಜೀವಂತ ತಂತಿಯನ್ನು ಮುಟ್ಟುವವರು ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಬೇಕು.

ಗೋಡೆಯ ಸ್ವಿಚ್ ಆರಿಸುವುದು ಕರೆಂಟು ತೆಗೆಯುವುದಲ್ಲ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟು ತರುವ ಫೇಸ್ ತಂತಿಯ ಬದಲು ಮರಳುವ ನ್ಯೂಟ್ರಲ್ ತಂತಿಗೆ ಹಾಕಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅಲ್ಲಿ ಫ್ಯಾನ್ ನಿಂತಿದ್ದರೂ ಅದರ ತುದಿಯಲ್ಲಿ ಪೂರ್ತಿ 230 ವೋಲ್ಟ್ ಕಾದಿರುತ್ತದೆ. ಮೇನ್ ಆರಿಸಿ, ಸಾಧ್ಯವಿದ್ದರೆ ಬೀಗ ಹಾಕಿ, ಕೀಲಿಯನ್ನು ಮೇಲೆ ಹತ್ತುವವರ ಕಿಸೆಯಲ್ಲಿಯೇ ಇಡಿ. “ಕೆಲಸ ನಡೆದಿದೆ, ಹಚ್ಚಬೇಡಿ” ಎಂಬ ಫಲಕ ತೂಗುಹಾಕಿ. ಇನ್ವರ್ಟರ್, ಜನರೇಟರ್, ಮಾಳಿಗೆಯ ಸೋಲಾರ್ ಇವು ಹಿಂದಿನ ಬಾಗಿಲಿನಿಂದ ಕರೆಂಟು ತರುತ್ತವೆಂಬುದನ್ನು ಮರೆಯದೆ ಒಂದೊಂದನ್ನೂ ಬೇರ್ಪಡಿಸಿ. ಬಳಿಕ ಎರಡು ಮೊನೆಯ ವೋಲ್ಟೇಜ್ ಟೆಸ್ಟರನ್ನು ಮೊದಲು ಜೀವಂತವಾಗಿದೆ ಎಂದು ಗೊತ್ತಿರುವ ಪ್ಲಗ್ಗಿನಲ್ಲಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೊಮ್ಮೆ ಅದೇ ಪ್ಲಗ್ಗಿನಲ್ಲಿ ಹಚ್ಚಿ ನೋಡಿ. ಮೂರನೆಯ ಪರೀಕ್ಷೆ ವ್ಯರ್ಥವೆಂದು ತೋರಬಹುದು, ಆದರೆ ಟೆಸ್ಟರ್ ನಡುವೆ ಕೆಟ್ಟಿಲ್ಲ ಎಂದು ತಿಳಿಯುವುದು ಅದರಿಂದಲೇ. ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರ್ ಒಂದನ್ನೇ ನಂಬಿ ಹತ್ತಬೇಡಿ. ಮರದ ಅಥವಾ ಫೈಬರ್ ನಿಚ್ಚಣಿಕೆಯ ಮೇಲೆ ನಿಂತವನಿಗೆ ಅದರ ದೀಪ ಮಸುಕಾಗಿ ಉರಿಯುತ್ತದೆ, ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ.

ಲಿಫ್ಟ್ ತರಿಸುವ ಮೊದಲು

ಬಾಡಿಗೆಗೆ ಕೊಡುವವರೊಂದಿಗೆ ಮಾತನಾಡುವಾಗ ಎತ್ತರದ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ವರ್ಕಿಂಗ್ ಹೈಟ್ ಎಂದು ಹೇಳುವ ಅಳತೆ ನಿಲ್ಲುವ ತಟ್ಟೆಯ ಎತ್ತರಕ್ಕೆ 2 ಮೀಟರ್ ಸೇರಿಸಿದ್ದು. ಅಂದರೆ ನಿಂತವನ ಕೈ ತಲುಪುವ ಎತ್ತರ. ಹತ್ತೊಂಬತ್ತು ಅಡಿಯ ಸಿಜರ್ ಲಿಫ್ಟ್ ಎಂದರೆ ತಟ್ಟೆ ಸುಮಾರು 5.8 ಮೀಟರಿಗೆ ಏರುತ್ತದೆ, ಕೈ ಸುಮಾರು 7.8 ಮೀಟರಿಗೆ ತಲುಪುತ್ತದೆ. ಇಪ್ಪತ್ತೆರಡು ಅಡಿಯ, ಅಂದರೆ 6.7 ಮೀಟರಿನ ಗೋದಾಮಿಗೆ ಅದು ಧಾರಾಳವಾಗಿ ಸಾಕು. ಆ ಗಾತ್ರದ ಯಂತ್ರಗಳ ಅಗಲ ಸುಮಾರು 76ರಿಂದ 81 ಸೆಂಟಿಮೀಟರ್ ಇರುವುದರಿಂದ ಮೂರು ಅಡಿಯ ಬಾಗಿಲಿನಲ್ಲಿ ತೂರುತ್ತವೆ. ಆದರೆ ತಟ್ಟೆಯ ಸುತ್ತಲಿನ ಕಟಕಟೆ ಮಡಚದಿದ್ದರೆ ಎತ್ತರ ಏಳು ಅಡಿಗೆ ಸಮೀಪವಿರುತ್ತದೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಬಾಗಿಲು ದೊಡ್ಡದಿದ್ದರೂ ಅದರ ಮುಂದೆ ಐದಾರು ಮೆಟ್ಟಿಲುಗಳಿರುತ್ತವೆ. ಯಂತ್ರವನ್ನು ಲಾರಿಯಿಂದ ಇಳಿಸಿದ ಮೇಲೆ ಮೆಟ್ಟಿಲು ನೋಡಿ ನಿಲ್ಲುವುದಕ್ಕಿಂತ ಹಿಂದಿನ ದಿನವೇ ಹೋಗಿ ದಾರಿ ಅಳೆದು ಬರುವುದು ಲೇಸು.

ತೂಕವನ್ನು ಕೇಳಲು ಮರೆಯಬೇಡಿ. ಇಷ್ಟೇ ಇಷ್ಟು ಕಾಣುವ ಈ ಯಂತ್ರ 1.2ರಿಂದ 1.5 ಟನ್ ತೂಗುತ್ತದೆ, ಮತ್ತು ಆ ಭಾರವೆಲ್ಲ ನಾಲ್ಕು ಪುಟ್ಟ ಗಟ್ಟಿ ಗಾಲಿಗಳ ಮೇಲೆ ಬೀಳುತ್ತದೆ. ನೀರಿನ ಸಂಪು, ಶೌಚದ ಗುಂಡಿ, ಚರಂಡಿಯ ಮುಚ್ಚಳ ಇವು ಎಲ್ಲಿವೆ ಎಂದು ಕಟ್ಟಡದವರಿಂದಲೇ ಕೇಳಿ ಸುಣ್ಣದಿಂದ ಗುರುತು ಹಾಕಿ. ಮೇಲಂತಸ್ತಿನ ಹಾಲ್‌ಗೆ ಒಯ್ಯುವುದಾದರೆ ಆ ಸ್ಲ್ಯಾಬ್ ಭಾರ ತಡೆಯುತ್ತದೆಯೇ ಎಂಬುದನ್ನು ಸಿವಿಲ್ ಎಂಜಿನಿಯರ್ ಹೇಳಬೇಕು, ನಾವು ಊಹಿಸಬಾರದು. ತಟ್ಟೆಯ ಸಾಮರ್ಥ್ಯ ಈ ಗಾತ್ರದಲ್ಲಿ ಸಾಮಾನ್ಯವಾಗಿ 230 ಕಿಲೋ ಆಸುಪಾಸು. ಇಬ್ಬರು ಮನುಷ್ಯರು, ಅವರ ಹತಾರಗಳು, ಒಂದು ಕೇಬಲ್ ಸುರುಳಿ ಸೇರಿದರೆ ಅದು ಬಹಳ ಬೇಗ ತುಂಬುತ್ತದೆ.

ನೆಲ ಮತ್ತು ಗಾಳಿ

ಈ ಭಾಗದಲ್ಲಿ ಲಿಫ್ಟ್ ಬಳಸುವವರು ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ನೆಲದ ಬಗ್ಗೆ. ನವಲಗುಂದ, ರೋಣ, ಗದಗಿನ ಎರೆ ಭೂಮಿ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ಆಳವಾಗಿ ಬಿರುಕು ಬಿಟ್ಟಿರುತ್ತದೆ. ಒಂದು ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಬೆಳಿಗ್ಗೆ ಸಮವಾಗಿ ನಿಂತ ಯಂತ್ರದ ಒಂದು ಗಾಲಿ ಮಧ್ಯಾಹ್ನದ ಹೊತ್ತಿಗೆ ಎರಡು ಇಂಚು ಇಳಿದಿರಬಹುದು. ಬುಡದಲ್ಲಿ ಎರಡು ಇಂಚು ವಾಲಿದರೆ ಮೇಲೆ ನಿಂತವನು ಅದರ ಹಲವು ಪಟ್ಟು ಪಕ್ಕಕ್ಕೆ ಸರಿಯುತ್ತಾನೆ. ಸಣ್ಣ ಸಿಜರ್ ಲಿಫ್ಟುಗಳು ಅಡ್ಡಕ್ಕೆ ಸುಮಾರು ಒಂದೂವರೆ ಡಿಗ್ರಿ ವಾಲಿದರೇ ಎಚ್ಚರಿಕೆಯ ಸದ್ದು ಮಾಡಿ ಏರುವುದನ್ನು ನಿಲ್ಲಿಸುತ್ತವೆ. ಆ ಸದ್ದು ಕಿರಿಕಿರಿ ಎಂದು ಅದರ ಸೆನ್ಸರನ್ನು ಬೇರ್ಪಡಿಸುವುದು ಅಕ್ಷಮ್ಯ. ಹಸಿ ಎರೆ ನೆಲದಲ್ಲಿ ಸಣ್ಣ ಗಾಲಿಯ ಲಿಫ್ಟನ್ನು ಇಳಿಸಲೇಬೇಡಿ. ಅನಿವಾರ್ಯವಾದರೆ ದೊಡ್ಡ ಗಾಲಿಯ, ಹೊರಗಡೆಯ ಬಳಕೆಗೆಂದೇ ಮಾಡಿದ ಯಂತ್ರವನ್ನು ತರಿಸಿ, ಗರಸು ಹಾಸಿ ದಮ್ಮಸು ಮಾಡಿಸಿ, ಕಾಲು ಚಾಚುವ ಯಂತ್ರವಾದರೆ ಪ್ರತಿ ಕಾಲಿನ ಕೆಳಗೂ ಅಗಲವಾದ ದಪ್ಪ ಹಲಗೆ ಕೊಡಿ.

ಗಾಳಿಯ ವಿಷಯದಲ್ಲಿ ಕಪ್ಪತಗುಡ್ಡದ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಒಳಾಂಗಣಕ್ಕೆಂದು ಮಾಡಿದ ಲಿಫ್ಟಿನ ಫಲಕದ ಮೇಲೆ ಅನುಮತಿಸಿದ ಗಾಳಿಯ ವೇಗ ಸೊನ್ನೆ ಎಂದೇ ಬರೆದಿರುತ್ತದೆ. ಹೊರಾಂಗಣದ ಯಂತ್ರಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್ ಮಿತಿ. ಎರಡೂ ಬದಿ ತೆರೆದ ಶೆಡ್ಡನ್ನು ಒಳಾಂಗಣವೆಂದು ಲೆಕ್ಕಿಸಬೇಡಿ. ಲಿಫ್ಟಿನ ಕಟಕಟೆಗೆ ಬ್ಯಾನರ್, ತಾಡಪತ್ರಿ ಕಟ್ಟಿದರೆ ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ.

ಹೊರಗಿನ ತಂತಿಗಳು

ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳಂತೆ 11 ಕೆವಿ ಮಾರ್ಗ ಕಟ್ಟಡದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ದೂರವಿರಬೇಕು. ಅದೇ ಲಿಫ್ಟಿನ ಕೈಪಿಡಿಗಳು 50 ಕೆವಿವರೆಗಿನ ತಂತಿಯಿಂದ ಯಂತ್ರ, ಮನುಷ್ಯ, ಕೈಯಲ್ಲಿರುವ ಪೈಪು ಎಲ್ಲವೂ ಕನಿಷ್ಠ 3 ಮೀಟರ್ ದೂರವಿರಲಿ ಎನ್ನುತ್ತವೆ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ತಿಳಿಯುವುದೇನೆಂದರೆ, ತಂತಿ ನಿಯಮಬದ್ಧವಾಗಿಯೇ ಇದ್ದರೂ ಅದು ಹಾದುಹೋಗುವ ಬದಿಯ ಗೋಡೆಗೆ ಲಿಫ್ಟ್ ಹಚ್ಚಿ ಬೋರ್ಡಿನ ದೀಪ ಕೂಡಿಸುವಷ್ಟು ಜಾಗ ಇಲ್ಲ. ಉದ್ದನೆಯ ನಿಚ್ಚಣಿಕೆಗೂ ಇದೇ ಮಾತು. ಅದನ್ನು ನೆಟ್ಟಗೆ ನಿಲ್ಲಿಸಿ ಹೊತ್ತೊಯ್ಯುವಾಗ ತುದಿ ತಂತಿಗೆ ತಾಗುತ್ತದೆ, ಆದುದರಿಂದ ಮಲಗಿಸಿ ಇಬ್ಬರು ಹೊರಬೇಕು. ಬಾಡಿಗೆಗೆ ಸಿಗುವ ಸಿಜರ್, ಬೂಮ್ ಲಿಫ್ಟುಗಳು ಕಬ್ಬಿಣದವು. ಅವುಗಳಲ್ಲಿ ವಿದ್ಯುತ್ತನ್ನು ತಡೆಯುವ ಗುಣವಿಲ್ಲ, ರಬ್ಬರ್ ಗಾಲಿ ಕಾಪಾಡುತ್ತದೆ ಎಂಬುದು ಭ್ರಮೆ.

ಇಂಥ ಕಡೆ ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಶಾಖಾ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಅವರ ಸಿಬ್ಬಂದಿಯಿಂದ ಲೈನ್ ಕ್ಲಿಯರ್, ಅಂದರೆ ಮಾರ್ಗ ಬಂದ್ ಮಾಡಿ ಕೊಡುವ ಅನುಮತಿ, ಪಡೆದು, ಮಾರ್ಗವನ್ನು ಅರ್ಥ್ ಮಾಡಿದ ಮೇಲೆಯೇ ಕೆಲಸ ಆರಂಭಿಸಬೇಕು. ಕರೆಂಟು ಹೋಗಿದೆ ಎಂಬುದು ಲೈನ್ ಕ್ಲಿಯರ್ ಅಲ್ಲ. ಹೋದದ್ದು ಯಾವ ಕ್ಷಣಕ್ಕಾದರೂ ಬರುತ್ತದೆ. ಗಣೇಶ ಹಬ್ಬಕ್ಕೆ ಓಣಿಗಳಲ್ಲಿ ದೀಪದ ಸರ ಕಟ್ಟುವವರು ಈ ಒಂದು ವಾಕ್ಯವನ್ನಾದರೂ ನೆನಪಿಟ್ಟುಕೊಳ್ಳಲಿ ಎಂದು ಮನಸಾರೆ ಬೇಡಿಕೊಳ್ಳುತ್ತೇನೆ.

ಮೇಲೆ ಹೋದ ಮೇಲೆ

ಏರುವ ಮೊದಲು ಕೆಳಗಿನ ನಿಯಂತ್ರಣ ಫಲಕದಿಂದ ಒಮ್ಮೆ ಯಂತ್ರವನ್ನು ಏರಿಸಿ ಇಳಿಸಿ ನೋಡಿ. ತುರ್ತು ಇಳಿಕೆಯ ಹಿಡಿ ಎಲ್ಲಿದೆ ಎಂಬುದನ್ನು ಕೆಳಗೆ ನಿಲ್ಲುವವರಿಗೆ ತೋರಿಸಿ, ಅವರ ಕೈಯಿಂದಲೇ ಒಮ್ಮೆ ಎಳೆಸಿ. ಸುತ್ತ ಹಗ್ಗ ಕಟ್ಟಿ ಹಮಾಲರ ಓಡಾಟ ಮತ್ತು ಕೈಗಾಡಿಗಳನ್ನು ತಡೆಯಿರಿ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ಗೋದಾಮಿನೊಳಗೆ ಕೆಲಸ ಮಾಡುವುದಾದರೆ ಲೋಡಿಂಗ್ ಇಲ್ಲದ ಹೊತ್ತನ್ನು ಮೊದಲೇ ಕೇಳಿಕೊಳ್ಳಿ.

ಬೂಮ್ ಲಿಫ್ಟಿನಲ್ಲಿ ಪೂರ್ತಿ ದೇಹದ ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಗಳು) ಕಡ್ಡಾಯ, ಮತ್ತು ಅದರ ಹಗ್ಗವನ್ನು ನಾವು ನಿಲ್ಲುವ ಬುಟ್ಟಿಯೊಳಗಿನ ಕೊಂಡಿಗೇ ಹಾಕಬೇಕು. ಪಕ್ಕದ ತೊಲೆಗೆ ಹಾಕಿದರೆ ಬುಟ್ಟಿ ಸರಿದಾಗ ಮನುಷ್ಯ ನೇತಾಡುತ್ತಾನೆ. ಹಗ್ಗ ಗಿಡ್ಡದಾಗಿರಲಿ. ಉದ್ದ 1.8 ಮೀಟರಿನ ಹಗ್ಗ, ಬೀಳುವ ಜಗ್ಗನ್ನು ತಗ್ಗಿಸುವ ಅದರ ಶಾಕ್ ಅಬ್ಸಾರ್ಬರ್ ಹರಿದು ಉದ್ದವಾಗುವ ಸುಮಾರು ಒಂದು ಮೀಟರ್, ಕೆಳಗೆ ತೂಗುವ ಮನುಷ್ಯನ ದೇಹ ಇಷ್ಟನ್ನೂ ಕೂಡಿಸಿದರೆ ಐದು ಮೀಟರಿಗೆ ಸಮೀಪವಾಗುತ್ತದೆ. ನಾಲ್ಕು ಮೀಟರ್ ಎತ್ತರದಲ್ಲಿ ಇಂಥ ಹಗ್ಗ ಕಟ್ಟಿದವನನ್ನು ಅದು ಹಿಡಿಯುವ ಮೊದಲೇ ನೆಲ ಹಿಡಿದಿರುತ್ತದೆ. ಸಿಜರ್ ಲಿಫ್ಟಿನಲ್ಲಿ ಕಟಕಟೆಯೇ ಮುಖ್ಯ ರಕ್ಷಣೆ. ಅದರ ಸರಳಿನ ಮೇಲೆ ಹತ್ತಿ ನಿಲ್ಲುವುದು, ತಟ್ಟೆಯ ಮೇಲೆ ಸ್ಟೂಲ್ ಅಥವಾ ನಿಚ್ಚಣಿಕೆ ಇಡುವುದು ಆ ರಕ್ಷಣೆಯನ್ನೇ ಕಿತ್ತೊಗೆದಂತೆ. ಕೈ ತಲುಪದಿದ್ದರೆ ತಂದ ಯಂತ್ರ ಚಿಕ್ಕದೆಂದು ಅರ್ಥ.

ಏರುವಾಗ ಕಣ್ಣು ಕೆಳಗಲ್ಲ, ಮೇಲಿರಬೇಕು. ಮಾಡನ್ನು ಹೊತ್ತ ಕಬ್ಬಿಣದ ಟ್ರಸ್ಸಿನ ಕೋನಕ್ಕೂ ಕಟಕಟೆಗೂ ನಡುವೆ ಕೈ, ತಲೆ ಸಿಕ್ಕಿಕೊಳ್ಳುವ ಅಪಘಾತ ಲಿಫ್ಟಿಗೇ ವಿಶಿಷ್ಟವಾದದ್ದು, ನಿಚ್ಚಣಿಕೆಯಲ್ಲಿ ಅದು ಇಲ್ಲ. ಏರಿಸಿದ ಸ್ಥಿತಿಯಲ್ಲಿಯೇ ಯಂತ್ರವನ್ನು ಓಡಿಸಿಕೊಂಡು ಮುಂದಿನ ದೀಪಕ್ಕೆ ಹೋಗುವ ಆಸೆಯನ್ನು ಬಿಟ್ಟು, ಇಳಿಸಿ, ಸರಿಸಿ, ಮತ್ತೆ ಏರಿ. ಹತಾರಗಳಿಗೆ ದಾರ ಕಟ್ಟಿ. ಆರು ಮೀಟರಿನಿಂದ ಬಿದ್ದ ಕಟ್ಟಿಂಗ್ ಪ್ಲೈಯರ್ ಕೆಳಗೆ ನಿಂತವರ ಹೆಲ್ಮೆಟ್ಟಿನ ಮೇಲೆಯೇ ಬೀಳಬೇಕೆಂಬ ನಿಯಮವೇನೂ ಇಲ್ಲ.

ಮೇಲಿದ್ದವರಿಗೆ ಏನಾದರೂ ಆದರೆ

ಮೇಲೆ ಒಬ್ಬರಿಗೆ ಶಾಕ್ ತಗುಲಿ ಅಂಟಿಕೊಂಡಿದ್ದರೆ ಕೆಳಗಿನವರು ನಿಚ್ಚಣಿಕೆಯನ್ನಾಗಲಿ ಲಿಫ್ಟನ್ನಾಗಲಿ ಮುಟ್ಟದೆ ಮೊದಲು ಮೇನ್ ಆರಿಸಬೇಕು. ಹೊರಗಿನ ಮಾರ್ಗವಾಗಿದ್ದರೆ ಹೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಿ, ಮಾರ್ಗ ಬಂದ್ ಆಗಿದೆ ಎಂಬ ಖಚಿತ ಮಾತು ಬರುವವರೆಗೆ ಯಾರನ್ನೂ ಹತ್ತಿರ ಬಿಡಬಾರದು. ಆ ಬಳಿಕವೇ ಕೆಳಗಿನ ಫಲಕದಿಂದ ಅಥವಾ ತುರ್ತು ಹಿಡಿಯಿಂದ ಲಿಫ್ಟನ್ನು ಇಳಿಸಬೇಕು. ಹಾರ್ನೆಸ್ಸಿನಲ್ಲಿ ನೇತಾಡುತ್ತಿರುವವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು, ಏಕೆಂದರೆ ಪಟ್ಟಿಗಳು ತೊಡೆಯನ್ನು ಒತ್ತಿ ಕಾಲಿನ ರಕ್ತ ಮೇಲೆ ಮರಳುವುದನ್ನು ತಡೆಯುತ್ತವೆ. ಉಸಿರಾಟ ನಿಂತಿದ್ದರೆ 108ಕ್ಕೆ ಒಬ್ಬರು ಕರೆ ಮಾಡುತ್ತಿರುವಂತೆಯೇ ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ ಒತ್ತುತ್ತ ಹೋಗಬೇಕು, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಎತ್ತರದಿಂದ ಬಿದ್ದು ಪ್ರಜ್ಞೆಯಿರುವವರನ್ನು ಎತ್ತಿ ಕೂಡಿಸಿ ನೀರು ಕುಡಿಸುವುದು ನಮ್ಮಲ್ಲಿ ಕರುಣೆಯಿಂದ ಮಾಡುವ ತಪ್ಪು. ಬೆನ್ನುಹುರಿಗೆ ಪೆಟ್ಟಾಗಿರಬಹುದಾದ್ದರಿಂದ ಅವರನ್ನು ಬಿದ್ದ ಭಂಗಿಯಲ್ಲಿಯೇ, ತಲೆ ಅಲುಗಾಡದಂತೆ ಎರಡೂ ಕೈಗಳಿಂದ ಹಿಡಿದು, ಮಾತನಾಡಿಸುತ್ತ ಇರಬೇಕು. ಕೆಲಸ ಆರಂಭಿಸುವ ಮೊದಲೇ ಆ ಜಾಗದ ಪೂರ್ತಿ ವಿಳಾಸವನ್ನು, ಹತ್ತಿರದ ಗುಡಿ ಅಥವಾ ಶಾಲೆಯ ಗುರುತಿನೊಂದಿಗೆ, ಒಂದು ಹಾಳೆಯಲ್ಲಿ ಬರೆದು ಮೇನ್ ಬೋರ್ಡಿನ ಪಕ್ಕ ಅಂಟಿಸಿಟ್ಟರೆ ಗಾಬರಿಯಲ್ಲಿರುವ ಹುಡುಗನೂ ಆಂಬುಲೆನ್ಸಿನವರಿಗೆ ಅದನ್ನು ಓದಿ ಹೇಳಬಲ್ಲ.